ತೋಟದ ಕೆಲಸಕ್ಕೆ ಬಂದಿರೋ ಅಸ್ಸಾಂನವರೆಲ್ಲಾ ಬಾಂಗ್ಲಾದವರಾ? ಹೆಂಗೆ ತಿಳ್ಕೊಳ್ಳೋದು?

ರೋಬಸ್ಟಾ_ಗೌಡ

ಎಲ್ರಿಗೂ ನಮಸ್ಕಾರ. ಸಕಲೇಶಪುರ ಕಡೆ ನಮ್ದೊಂದು ಸಣ್ಣ ತೋಟ, ರೋಬಸ್ಟಾನೇ ಜಾಸ್ತಿ, ಮರಕ್ಕೆ ಮೆಣಸು ಹಬ್ಬಿಸಿದೀವಿ. ಊರಿನ ಆಳು ಸಿಗೋದು ನಿಂತೇ ಹೋಗಿ ಎಷ್ಟೋ ಕಾಲ ಆಯ್ತು, ಹುಡುಗ್ರೆಲ್ಲಾ ಬೆಂಗಳೂರು ಸೇರ್ಕೊಂಡ್ರು, ಈ ಸಲ ಹಣ್ಣು ಕುಯ್ಲಿಗೆ ಮೇಸ್ತ್ರಿ ಕಡೆಯಿಂದ ಅಸ್ಸಾಂ ಗ್ಯಾಂಗ್ ಕರೆಸಿದೀನಿ, ಹೆಂಡ್ತಿ ಮಕ್ಕಳ ಸಮೇತ ಬಂದು ಲೈನ್ ಮನೇಲಿ ಇದಾರೆ. ಕೆಲಸದಲ್ಲಿ ಏನೂ ತಕರಾರಿಲ್ಲ, ಮಂಜು ಬಿಡೋ ಮುಂಚೆನೇ ಗಿಡದ ಬುಡಕ್ಕೆ ತಾಟು ಹಾಸ್ಕೊಂಡು ಶುರು ಹಚ್ಕೋತಾರೆ. ಸಂಜೆ ತೂಕ ಹಾಕುವಾಗ ಮಾತ್ರ ಅರ್ಧ ಕೆಜಿಗೂ ಜಗಳ, ಅದು ಯಾವ ಊರಿನ ಆಳಾದ್ರೂ ಇದ್ದಿದ್ದೇ ಬಿಡಿ.

ಈಗ ವಿಷಯ ಏನಂದ್ರೆ ನಮ್ಮೂರ ವಾಟ್ಸಾಪ್ ಗ್ರೂಪಲ್ಲಿ ದಿನಾ ಒಂದೇ ಮಾತು, ಇವ್ರು ಅಸ್ಸಾಂನವರಲ್ಲ, ಬಾಂಗ್ಲಾದಿಂದ ನುಗ್ಗಿದವರು, ಆಧಾರೆಲ್ಲಾ ಡೂಪ್ಲಿಕೇಟು, ನಾಳೆ ತೋಟದ ಮನೆ ದರೋಡೆ ಆದ್ರೆ ಆಮೇಲೆ ಅಳಬೇಡಿ ಅಂತ. ಏನಪ್ಪಾ ಪ್ರೂಫು ಅಂತ ಕೇಳಿದ್ರೆ, ಬೆಂಗಾಲಿ ಮಾತಾಡ್ತಾರೆ, ಲುಂಗಿ ಉಡ್ತಾರೆ, ಸಾಬ್ರು, ಊರು ಯಾವ್ದು ಅಂದ್ರೆ ತಡವರಿಸ್ತಾರೆ, ಕಾರ್ಡ್ ತೋರ್ಸು ಅಂದ್ರೆ ಮುಖ ಮುಖ ನೋಡ್ಕೋತಾರೆ. ಮೇಸ್ತ್ರಿ ನಂಗೆ ಎಲ್ಲರ ಆಧಾರ್ ಜೆರಾಕ್ಸ್ ಕೊಟ್ಟಿದಾನೆ, ಕೆಲವರದ್ದು ಬಾರ್ಪೇಟಾ ಜಿಲ್ಲೆ, ಕೆಲವರದ್ದು ಧುಬ್ರಿ. ಇದು ಸಾಕಾ? ಬೇರೆ ಏನಾದ್ರೂ ದಾರಿ ಇದ್ಯಾ? ಅಕಸ್ಮಾತ್ ಯಾರಾದ್ರೂ ಹೊರಗಿನವರು ಅಂತಾದ್ರೆ ನನ್ ತಲೆ ಮೇಲೆ ಕೇಸ್ ಬರುತ್ತಾ? ದಯವಿಟ್ಟು ರಾಜಕೀಯ ಬೇಡ, ಗೊತ್ತಿರೋರು ಹೇಳಿ.

ಘಾಟಿ_ಹುಡ್ಗ

ರಾಜಕೀಯ ಬೇಡ ಅಂದ್ರೆ ಹೆಂಗಣ್ಣ, ಇದೇ ದೊಡ್ಡ ರಾಜಕೀಯ. ಬಾಂಗ್ಲಾ ಗಡಿ 4,096 ಕಿಲೋಮೀಟರ್ ಇದೆ, ಎಷ್ಟೋ ಕಡೆ ನದಿ, ಜೌಗು, ಬೇಲಿ ಹಾಕೋಕೇ ಆಗಲ್ಲ, ದುಡ್ಡು ಕೊಟ್ರೆ ದಾಟಿಸೋ ದಲ್ಲಾಳಿಗಳು ಎರಡೂ ಕಡೆ ಇದಾರೆ. ಬೆಂಗಳೂರಲ್ಲಿ ಪೊಲೀಸರು ಹಿಡಿದಿರೋದು ಸುಳ್ಳಾ? ಅದೇನು ಕಟ್ಟುಕಥೆ ಅಲ್ಲ. 2016ರಲ್ಲಿ ರಾಜ್ಯಸಭೇಲಿ ಸರ್ಕಾರನೇ ಹೇಳಿದೆ, ಎರಡು ಕೋಟಿ ಜನ ಇದಾರೆ ಅಂತ.

ಮತ್ತೆ ನಮ್ಮ ಹುಡುಗ್ರು ಕೆಲಸಕ್ಕೆ ಬರಲ್ಲ ಅಂತ ಎಲ್ಲಾ ಬೆಳೆಗಾರ್ರೂ ಒಂದೇ ರಾಗ. ಯಾಕ್ ಬರಲ್ಲ? ಕೂಲಿ ಗಿಟ್ಟಲ್ಲ ಅದಕ್ಕೆ. ಕಮ್ಮಿಗೆ ಬರೋ ಗ್ಯಾಂಗ್ ಸಿಕ್ರೆ ಊರವರಿಗೆ ಯಾರು ಜಾಸ್ತಿ ಕೊಡ್ತಾರೆ ಹೇಳಿ. ನಾನು ಎಲ್ಲರೂ ಕಳ್ರು ಅಂತಿಲ್ಲ, ಆದ್ರೆ ಯಾರು ಎತ್ತ ಅಂತ ನೋಡ್ದೆ ಲೈನ್ ಮನೆ ಬೀಗ ಕೊಡೋದು ತಪ್ಪೇ.

ಬಾರ್ಪೇಟಾ_ಬ್ರಾಂಚು

ಬ್ಯಾಂಕ್ ಕೆಲಸದಲ್ಲಿ ಟ್ರಾನ್ಸ್‌ಫರ್ ಆಗಿ ಆ ಕಡೆ ಇದ್ದವನು ನಾನು, ಈಗ ರಿಟೈರ್ಡ್, ಹಾಸನದಲ್ಲಿದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಮೊದಲು ಭಾಷೆ ವಿಷಯ. ಬಾರ್ಪೇಟಾ, ಧುಬ್ರಿ, ಗೋಲ್ಪಾರಾ ಕಡೆ ಲಕ್ಷಾಂತರ ಜನ ಮನೇಲಿ ಮಾತಾಡೋದೇ ಬೆಂಗಾಲಿ, ಅದೂ ಕೋಲ್ಕತ್ತಾ ಬೆಂಗಾಲಿ ಅಲ್ಲ, ಮೈಮನ್‌ಸಿಂಗ್ ಕಡೆ ಬೆಂಗಾಲಿ. ಮೈಮನ್‌ಸಿಂಗ್ ಇವತ್ತು ಬಾಂಗ್ಲಾದಲ್ಲಿದೆ. ಆದ್ರೆ ಇವರ ಹಿರೀಕರು ಬಂದಿದ್ದು ಬ್ರಿಟಿಷರ ಕಾಲದಲ್ಲಿ, ಬ್ರಹ್ಮಪುತ್ರದ ತಗ್ಗು ಜಮೀನಲ್ಲಿ ಸೆಣಬು ಬೆಳೆಯೋಕೆ, ಆಗ ಬಾಂಗ್ಲಾದೇಶ ಅನ್ನೋ ದೇಶನೇ ಇರ್ಲಿಲ್ಲ. ಮಾತು ಕೇಳಿ ದೇಶ ಹೇಳೋದಾದ್ರೆ ಕಾಸರಗೋಡಲ್ಲಿ ಕನ್ನಡ ಮಾತಾಡೋರು, ತಮಿಳುನಾಡಿನ ತಾಳವಾಡೀಲಿ ಕನ್ನಡ ಮಾತಾಡೋರು ಎಲ್ಲಾ ಕರ್ನಾಟಕದವರೇ ಆಗ್ಬೇಕಿತ್ತು. ಆಮೇಲೆ ಗಡಿ ದಾಟಿ ಬಂದವರೂ ಇದಾರೆ, ಇಲ್ಲ ಅನ್ನಲ್ಲ, ಆರು ವರ್ಷ ಅಸ್ಸಾಂ ಹೊತ್ತಿ ಉರಿದಿದ್ದೇ ಅದಕ್ಕೆ. 1985ರ ಅಸ್ಸಾಂ ಒಪ್ಪಂದದಲ್ಲಿ 1971ರ ಮಾರ್ಚ್ 24ರ ಮಧ್ಯರಾತ್ರಿ ಅಂತ ಗೆರೆ ಎಳೆದ್ರು, ಅದಾದ ಮೇಲೆ ಬಂದವರು ವಿದೇಶಿಯರು ಅಂತ, ಆ ಗೆರೇನ 2024ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟೂ ಎತ್ತಿ ಹಿಡೀತು.

ಮತ್ತೆ ಎನ್‌ಆರ್‌ಸಿ. ಅಸ್ಸಾಂನಲ್ಲಿ ಪ್ರಜೆಗಳು ಯಾರ್ಯಾರು ಅಂತ ಮಾಡಿದ ಪಟ್ಟಿ ಅದು. ಅರ್ಜಿ ಹಾಕಿದ್ದು 3.3 ಕೋಟಿ ಜನ, 2019ರ ಆಗಸ್ಟ್ 31ಕ್ಕೆ ಲಿಸ್ಟ್ ಬಂದಾಗ ಹೊರಗುಳಿದಿದ್ದು 19 ಲಕ್ಷ ಚಿಲ್ಲರೆ. ಆ ಲಿಸ್ಟು ಸರಿ ಇಲ್ಲ ಅಂತ ಅದನ್ನ ಬೇಕು ಅಂದ ಪಕ್ಷದವರೇ ಕೂಗಾಡಿದ್ರು. ಹೊರಗುಳಿದ 19 ಲಕ್ಷನೂ ಬಾಂಗ್ಲಾದವರಲ್ಲ. ಅಪ್ಪನ ಹೆಸರು 1966ರ ವೋಟರ್ ಲಿಸ್ಟಲ್ಲಿ ಒಂಥರ, ರೇಷನ್ ಕಾರ್ಡಲ್ಲಿ ಇನ್ನೊಂಥರ ಇದ್ರೆ ಮುಗೀತು. ಹೆಂಗಸ್ರದ್ದು ಇನ್ನೂ ಕಷ್ಟ, ಓದಿಲ್ಲ, ಬರ್ತ್ ಸರ್ಟಿಫಿಕೇಟ್ ಇಲ್ಲ, ಚಿಕ್ಕ ವಯಸ್ಸಿಗೆ ಮದುವೆ, ತವರಿಗೂ ಇವಳಿಗೂ ಸಂಬಂಧ ತೋರಿಸೋಕೆ ಪಂಚಾಯ್ತಿ ಕಾಗದ ಒಂದೇ ಗತಿ, ಅದು ನಡೆಯುತ್ತಾ ಇಲ್ವಾ ಅಂತನೇ ಸುಪ್ರೀಂ ಕೋರ್ಟ್ ತನಕ ಹೋಯ್ತು. ನಮ್ಮ ಬ್ರಾಂಚಿಗೆ ಕೆವೈಸಿಗೆ ಬರೋರು ಟ್ರಂಕಿನಿಂದ ತೆಗೆದ ಪ್ಲಾಸ್ಟಿಕ್ ಕವರ್ ತರ್ತಿದ್ರು, ಒಳಗೆ ಇನ್ನೊಂದು ಕವರು, ಅದರೊಳಗೆ ತಾತನ ಹೆಸರಿರೋ ಹಳೇ ವೋಟರ್ ಲಿಸ್ಟಿನ ಲ್ಯಾಮಿನೇಷನ್ ಮಾಡಿಸಿದ ನಕಲು. ಅಕೌಂಟಿಗೆ ಅದು ಬೇಡಮ್ಮಾ ಅಂದ್ರೂ ಟೇಬಲ್ ಮೇಲೆ ಇಡೋರು.

ಜಮೀನು ಯಾಕ್ ಬಿಟ್ಟು ಬಂದ್ರು ಅಂದ್ರೆ ಜಮೀನೇ ಇಲ್ಲ. ಬ್ರಹ್ಮಪುತ್ರ ಕೊರೆದು ಕೊರೆದು 1950ರಿಂದ ಈಚೆಗೆ 4 ಲಕ್ಷ ಹೆಕ್ಟೇರ್ ಮೇಲೆ ಹೊಳೆ ಪಾಲಾಗಿದೆ, ಇದು ಅಸ್ಸಾಂ ಸರ್ಕಾರದ ಲೆಕ್ಕ. ಊರು ಯಾವ್ದು ಅಂದ್ರೆ ತಡವರಿಸ್ತಾರೆ ಅಂದ್ರಲ್ಲ ಗೌಡ್ರೇ, ಕೆಲವರ ಆಧಾರಲ್ಲಿರೋ ಊರು ಈಗ ನೀರೊಳಗಿದೆ, ಏನಂತ ಹೇಳ್ತಾರೆ ಪಾಪ.

ಘಾಟಿ ಹುಡ್ಗ ಅವ್ರೇ, ಆ ಎರಡು ಕೋಟಿ ಬಗ್ಗೆನೂ ಒಂದ್ಮಾತು. 2004ರಲ್ಲಿ ಬೇರೆ ಸರ್ಕಾರ ಇದ್ದಾಗ ಪಾರ್ಲಿಮೆಂಟಲ್ಲಿ 1.2 ಕೋಟಿ ಅಂದ್ರು, ಆಮೇಲೆ ಅದು ನಂಬೋ ಲೆಕ್ಕ ಅಲ್ಲ ಅಂತ ವಾಪಸ್ ತಗೊಂಡ್ರು. 2016ರಲ್ಲಿ ಎರಡು ಕೋಟಿ ಅಂದ್ರು. 2023ರ ಡಿಸೆಂಬರಲ್ಲಿ ಕೇಂದ್ರನೇ ಸುಪ್ರೀಂ ಕೋರ್ಟಿಗೆ ಬರೆದುಕೊಟ್ಟಿದ್ದು, ಕದ್ದು ಬರೋರ ಸರಿಯಾದ ಲೆಕ್ಕ ತೆಗೆಯೋಕೆ ಆಗಲ್ಲ ಅಂತ. ಎಣಿಸೇ ಇಲ್ಲದ ನಂಬರ್ ಹಿಡ್ಕೊಂಡು ಊರವರು ಜಗಳ ಆಡ್ತಾ ಇದೀವಿ.

ಲಾಯರ್_ಹುಡುಗಿ

ಗೌಡ್ರೇ, ನಿಮ್ಮ ಪ್ರಶ್ನೆಗೆ ನೇರವಾಗಿ. ಆಧಾರ್ ಪೌರತ್ವದ ದಾಖಲೆ ಅಲ್ಲ, ಆಧಾರ್ ಕಾಯ್ದೆಯ 9ನೇ ಸೆಕ್ಷನ್ನಲ್ಲೇ ಹಂಗಿದೆ, 182 ದಿನ ಇಲ್ಲಿ ವಾಸ ಇದ್ದೋರಿಗೆ ಕೊಡೋ ನಂಬರ್ ಅದು. 2025ರ ಆಗಸ್ಟಲ್ಲಿ ಬಾಂಬೆ ಹೈಕೋರ್ಟ್ ಆಧಾರ್, ಪ್ಯಾನ್, ವೋಟರ್ ಐಡಿ ಇದ್ದ ಮಾತ್ರಕ್ಕೆ ಪ್ರಜೆ ಆಗಲ್ಲ ಅಂತನೂ ಹೇಳಿದೆ. ಹಂಗಾದ್ರೆ ಯಾವುದು ದಾಖಲೆ ಅಂತ ಕೇಳಿ ನೋಡಿ, ಗ್ರೂಪಲ್ಲಿ ಕೂಗೋ ಯಾರ ಹತ್ರನೂ ಸಿಗಲ್ಲ. 1987ರ ಜುಲೈ 1ಕ್ಕಿಂತ ಮೊದಲು ಇಲ್ಲಿ ಹುಟ್ಟಿದ್ರೆ ಸಾಕು, ಆಮೇಲೆ ಹುಟ್ಟಿದ್ರೆ ಅಪ್ಪನೋ ಅಮ್ಮನೋ ಭಾರತೀಯರು ಅಂತ ತೋರಿಸ್ಬೇಕು, 2004ರ ಡಿಸೆಂಬರ್ 3ರ ನಂತರ ಇನ್ನೂ ಬಿಗಿ. ನಮ್ಮಜ್ಜಿ ಹುಟ್ಟಿದ್ದು ಪ್ಲೇಗ್ ಬಂದ ವರ್ಷ ಅಂತ ಮಾತ್ರ ಗೊತ್ತು ನಮ್ಮನೇಲಿ. ಅದೂ ಅಲ್ದೆ ವಿದೇಶಿ ಅಂತ ಅನುಮಾನ ಬಂದ್ರೆ ಅಲ್ಲ ಅಂತ ಸಾಬೀತು ಮಾಡೋ ಭಾರ ಆ ಮನುಷ್ಯನ ಮೇಲೇ, 1946ರ ಕಾಯ್ದೆಲೂ ಹಂಗೇ ಇತ್ತು, 2025ರ ಸೆಪ್ಟೆಂಬರ್ 1ರಿಂದ ಬಂದ ಹೊಸ ಕಾಯ್ದೆಲೂ ಹಂಗೇ.

ನೀವು ಮಾಡಬೇಕಾದ್ದು ಇಷ್ಟು. ಜೆರಾಕ್ಸ್ ನಂಬಬೇಡಿ, ಒರಿಜಿನಲ್ ಕಾರ್ಡ್ ಮೇಲಿರೋ ಕ್ಯೂಆರ್ ಸ್ಕ್ಯಾನ್ ಮಾಡಿ, ಕಾರ್ಡ್ ಅಸಲಿಯೋ ಅಲ್ವೋ ಗೊತ್ತಾಗುತ್ತೆ. ಹೆಸರು, ಫೋಟೋ, ಊರು, ಫೋನ್ ನಂಬರ್ ಬರೆದು ನಿಮ್ಮ ಠಾಣೆಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಮೇಸ್ತ್ರಿಗೆ ಲೈಸೆನ್ಸ್ ಬೇಕಾ ಅನ್ನೋದನ್ನ ಲೇಬರ್ ಆಫೀಸಲ್ಲಿ ಕೇಳಿ, 1979ರ ವಲಸೆ ಕಾರ್ಮಿಕರ ಕಾಯ್ದೆ ಈಗ ಹೊಸ ಲೇಬರ್ ಕೋಡಿಗೆ ಸೇರಿದೆ. ಯಾರಾದ್ರೂ ವಿದೇಶಿ ಅಂತ ನಿಜವಾಗ್ಲೂ ಗೊತ್ತಾದ್ರೆ ತಿಳಿಸೋದು ನಿಮ್ಮ ಜವಾಬ್ದಾರಿ, ಜಾಗ ಕೊಟ್ಟೋರು ಮಾಹಿತಿ ಕೊಡ್ಲೇಬೇಕು. ಆದ್ರೆ ಪೌರತ್ವ ತೀರ್ಮಾನ ಮಾಡೋದು ನೀವೂ ಅಲ್ಲ, ನಿಮ್ಮ ವಾಟ್ಸಾಪ್ ಅಡ್ಮಿನ್ನೂ ಅಲ್ಲ.

ಅನುಮಾನದ ಮೇಲೇ ಕೆಲಸ ಮಾಡಿದ್ರೆ ಏನಾಗುತ್ತೆ ಅನ್ನೋಕೆ ದೂರ ಹೋಗ್ಬೇಕಿಲ್ಲ. 2020ರ ಜನವರೀಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರು ಅಂತ ಶೆಡ್ಡುಗಳನ್ನ ಕೆಡವಿದ್ರು, ಅಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆ ನಮ್ಮ ಉತ್ತರ ಕರ್ನಾಟಕದವರೂ ಇದ್ರು, ಕೊನೆಗೆ ಹೈಕೋರ್ಟ್ ಮಧ್ಯ ಬರ್ಬೇಕಾಯ್ತು. 2025ರಲ್ಲಿ ದೆಹಲಿಯಿಂದ ಬೀರ್‌ಭೂಮ್ ಜಿಲ್ಲೆಯ ಒಬ್ಬ ಬಸುರಿ ಹೆಂಗಸನ್ನ ಬಾಂಗ್ಲಾಕ್ಕೆ ದಬ್ಬಿದ್ರು, ಕಲ್ಕತ್ತಾ ಹೈಕೋರ್ಟ್ ಅದು ತಪ್ಪು ಅಂತು, ಡಿಸೆಂಬರಲ್ಲಿ ವಾಪಸ್ ಕರ್ಕೊಂಡು ಬಂದ್ರು.

ಶಾರ್ಜಾ_ಶೆಟ್ಟಿ

ಮಾರಾಯ್ರೆ, ಈ ಥ್ರೆಡ್ ಓದಿ ನಗು ಬಂತು. ಗಲ್ಫಲ್ಲಿ ನಮ್ಮವರನ್ನೇ ಹೀಗೆ ಹೇಳುದು. ವೀಸಾ ಮುಗಿದ ಮೇಲೂ ಉಳಿದವರಿಗೆ ಇಲ್ಲಿ 'ಖಲ್ಲಿವಲ್ಲಿ' ಅಂತ ಕರೀತಾರೆ. ನಮ್ಮ ಕರಾವಳಿಯವರೂ ಇದ್ದಾರೆ, ಏಜೆಂಟ್ ಹೇಳಿದ ಕೆಲಸ ಬೇರೆ, ಇಲ್ಲಿ ಸಿಕ್ಕಿದ್ದು ಬೇರೆ, ಪಾಸ್‌ಪೋರ್ಟ್ ಕಫೀಲ್ ಅಂದ್ರೆ ವೀಸಾ ಕೊಡಿಸಿದ ಮಾಲೀಕನ ಹತ್ರ, ಓಡಿ ಹೋದ ಅಂತ ಕಂಪ್ಲೇಂಟ್, ಅಲ್ಲಿಗೆ ಮುಗೀತು, ಮರುದಿನದಿಂದ ಇಲ್ಲೀಗಲ್. ಯುಎಇ 2018ರಲ್ಲಿ ಒಮ್ಮೆ, 2024ರ ಸೆಪ್ಟೆಂಬರಿಂದ ಡಿಸೆಂಬರ್ ತನಕ ಇನ್ನೊಮ್ಮೆ ಕ್ಷಮಾದಾನ ಕೊಡ್ತು, ದಂಡ ಇಲ್ಲದೆ ಊರಿಗೆ ಹೋಗಿ ಅಂತ. ಲೈನಲ್ಲಿ ನಮ್ಮ ಭಾಷೆ ಕೇಳ್ತಿತ್ತು.

ಊರಲ್ಲಿ ಅದೇ ಮನೆಯವರು 'ನಮ್ಮ ಹುಡುಗ ಪಾಪ ಸಿಕ್ಕಿ ಹಾಕ್ಕೊಂಡಿದ್ದಾನೆ' ಅಂತಾರೆ. ಬಾಂಗ್ಲಾದವ ಬಂದ್ರೆ ನುಸುಳುಕೋರ. 2025ರ ಫೆಬ್ರವರಿಲಿ ಅಮೆರಿಕ ಮಿಲಿಟರಿ ವಿಮಾನದಲ್ಲಿ 104 ಜನ ಭಾರತೀಯರಿಗೆ ಕೋಳ ಹಾಕಿ ಅಮೃತಸರಕ್ಕೆ ತಂದು ಇಳಿಸಿದಾಗ ನಮಗೆಲ್ಲ ಎಷ್ಟು ಸಿಟ್ಟು ಬಂತು ನೆನಪು ಮಾಡ್ಕೊಳ್ಳಿ.

ಘಾಟಿ_ಹುಡ್ಗ

ಶೆಟ್ರೇ ಹೋಲಿಕೆ ಸರಿ ಇಲ್ಲ. ಗಲ್ಫಿಗೆ ಹೋದವ ವೀಸಾ ತಗೊಂಡೇ ಹೋದ, ಆಮೇಲೆ ಉಳಿದ. ಇಲ್ಲಿ ಬೇಲಿ ಹಾರಿ ಬರೋದು, ವೋಟರ್ ಲಿಸ್ಟಲ್ಲೂ ಸೇರ್ಕೊಳ್ಳೋದು. ಗಲ್ಫಲ್ಲಿ ನಿಮಗೆ ವೋಟ್ ಕೊಡ್ತಾರಾ? ಬ್ಯಾಂಕ್ ಸರ್ ಹೇಳಿದ್ದು ಒಪ್ತೀನಿ, ಮಾತು ಕೇಳಿ ಹೇಳೋಕಾಗಲ್ಲ. ಆದ್ರೆ ಚೆಕ್ ಮಾಡೋದೇ ಬೇಡ ಅನ್ನೋ ಥರ ಮಾತಾಡಬೇಡಿ.

ಮೆಣಸಿನ_ಬಳ್ಳಿ

ಚೆಕ್ ಮಾಡಬೇಡಿ ಅಂತ ಇಲ್ಲಿ ಯಾರೂ ಅಂದಿಲ್ವಲ್ಲ ತಮ್ಮಾ. ನಾನೂ ಬೆಳೆಗಾರ್ತಿನೇ, ಮೂಡಿಗೆರೆ ಕಡೆ. ಒಂದು ಒಳಗಿನ ಮಾತು ಹೇಳ್ತೀನಿ, ಬೈದ್ರೂ ಪರ್ವಾಗಿಲ್ಲ. ಬಾಂಗ್ಲಾದವರು ಅನ್ನೋ ಗುಸುಗುಸು ಜೋರಾಗೋದು ಯಾವಾಗ ನೋಡಿ, ಕುಯ್ಲಿನ ರೇಟ್ ಮಾತಾಡೋ ಟೈಮಲ್ಲಿ. ಭಯ ಬಿದ್ದ ಆಳು ಕೆಜಿಗೆ ಒಂದು ರೂಪಾಯಿ ಕಮ್ಮಿ ಕೊಟ್ರೂ ಬಾಯಿ ಬಿಡಲ್ಲ. ಗ್ರೂಪಲ್ಲಿ ಪೊಲೀಸಿಗೆ ಹಿಡ್ಕೊಡಿ ಅಂತ ಬರೆಯೋರೇ ಸಂಜೆ ಫೋನ್ ಮಾಡಿ ನಿಮ್ಮಲ್ಲಿ ಮುಗಿದ್ ಮೇಲೆ ನಮ್ಮಲ್ಲಿಗೆ ಕಳಿಸ್ತೀರಾ ಅಂತಾರೆ. ನಮ್ಮತ್ತೆ ಕಾಲದಲ್ಲಿ ಘಟ್ಟದ ಕೆಳಗಿನವರು, ತಮಿಳ್ರು ಬರ್ತಿದ್ರು, ಆಗಲೂ ಅವರಿಗೆ ಇದೇ ಮಾತು, ಕಳ್ಳರು, ಗಲೀಜು, ಹುಷಾರು. ಸುಳ್ಯ ಪುತ್ತೂರು ಕಡೆ ರಬ್ಬರ್ ತೋಟಕ್ಕೆ ಸಿಲೋನಿಂದ ಬಂದ ತಮಿಳರದ್ದು ಕೇಳಿ ನೋಡಿ, 1964ರಲ್ಲಿ ಎರಡು ಸರ್ಕಾರ ಸೈನ್ ಹಾಕಿ ಕರ್ಕೊಂಡು ಬಂದಿದ್ದು, ಆದ್ರೂ ಎಷ್ಟೋ ವರ್ಷ ಹೊರಗಿನವರು ಅಂತಲೇ ನೋಡಿದ್ರು.

ಕೂಲಿ ವಿಷಯದಲ್ಲಿ ಮಾತ್ರ ಘಾಟಿ ಹುಡ್ಗ ಹೇಳಿದ್ದು ಸರಿ. ತಪ್ಪು ನಮ್ದು, ಬಂದೋರದ್ದಲ್ಲ.

ರೋಬಸ್ಟಾ_ಗೌಡ

ಎಲ್ರಿಗೂ ಥ್ಯಾಂಕ್ಸ್, ಇಷ್ಟೊಂದು ಬರೀತಾರೆ ಅಂದ್ಕೊಂಡಿರ್ಲಿಲ್ಲ. ಮೇಡಂ ಹೇಳಿದಂಗೆ ಒರಿಜಿನಲ್ ಕಾರ್ಡ್ ಸ್ಕ್ಯಾನ್ ಮಾಡೋಣ ಅಂತ ಲೈನ್ ಮನೆಗೆ ಹೋಗಿ ಕೇಳ್ದೆ. ಮತ್ತೆ ಅದೇ, ಮುಖ ಮುಖ ನೋಡ್ಕೊಂಡ್ರು. ಅವ್ರಲ್ಲಿ ಒಬ್ಬ ಹುಡುಗನಿಗೆ ಸ್ವಲ್ಪ ಕನ್ನಡ ಬರುತ್ತೆ, ಪಕ್ಕಕ್ಕೆ ಕರೆದು ಕೇಳಿದ್ರೆ 'ಕಾರ್ಡ್ ಮೇಸ್ತ್ರಿ ಹತ್ರ ಇದೆ ಸಾರ್, ಅಡ್ವಾನ್ಸ್ ತೀರೋ ತನಕ ಕೊಡಲ್ಲ' ಅಂದ. ಎಲ್ಲರದ್ದೂ ಅಂತೆ. ನಂಗೆ ಜೆರಾಕ್ಸ್ ಕೊಟ್ಟು ಒರಿಜಿನಲ್ ಅವನೇ ಇಟ್ಕೊಂಡಿದಾನೆ.

ಲಾಯರ್_ಹುಡುಗಿ

ಇದು ನೀವು ಕೇಳಿದ ಪ್ರಶ್ನೆಗಿಂತ ದೊಡ್ಡ ತಲೆನೋವು ಗೌಡ್ರೇ. ಅಡ್ವಾನ್ಸ್ ಕೊಟ್ಟು ಕಾರ್ಡ್ ಹಿಡ್ಕೊಂಡು ದುಡಿಸೋದು ಜೀತದ ಲೆಕ್ಕಕ್ಕೆ ಬರಬಹುದು, 1976ರ ಕಾಯ್ದೆ ಇದೆ, ಆಳು ಇರೋದು ನಿಮ್ಮ ಜಾಗದಲ್ಲಿ. ಠಾಣೆಗೆ ಲಿಸ್ಟ್ ಕೊಡೋಕೆ ಮುಂಚೆ ಕಾರ್ಡ್ ಅವರವರ ಕೈಗೆ ಸೇರಿಸಿ. ಕೂಲಿನೂ ಮೇಸ್ತ್ರಿ ಕೈಗೆ ಕೊಡದೆ ಅವರವರ ಅಕೌಂಟಿಗೇ ಹಾಕಿ.

ರೋಬಸ್ಟಾ_ಗೌಡ

ಶನಿವಾರ ಬಟವಾಡೆ, ಮೇಸ್ತ್ರಿ ಬಂದೇ ಬರ್ತಾನೆ. ಕಾರ್ಡ್ ಟೇಬಲ್ ಮೇಲೆ ಇಡದಿದ್ರೆ ಕಮಿಷನ್ ಇಲ್ಲ ಅಂತ ಹೇಳೋದೇ. ಸಿಟ್ಟಿಗೆದ್ದು ಗ್ಯಾಂಗ್ ಎಬ್ಬಿಸ್ಕೊಂಡು ಹೋದ್ರೆ ಅರ್ಧ ತೋಟ ಗಿಡದಲ್ಲೇ ಒಣಗುತ್ತೆ, ಅದೊಂದು ಭಯ. ಮೆಣಸಿನ ಬಳ್ಳಿ ಅಕ್ಕ, ನಿಮ್ಮ ಕಡೆ ಮೇಸ್ತ್ರಿ ಇಲ್ದೆ ನೇರವಾಗಿ ಬರೋ ಗ್ಯಾಂಗ್ ಇದ್ರೆ ಮೆಸೇಜ್ ಮಾಡಿ.