ಸಹಾಯ ಬೇಕು: ಶೌಚದ ಪೈಪಿಗೆ ಗಾಳಿ ಕೊಳವೆ ಜೋಡಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿರುವ ನಮ್ಮ ಎರಡಂತಸ್ತಿನ ಮನೆಯಲ್ಲಿ, ಮೇಲಿನ ಶೌಚಾಲಯದಲ್ಲಿ ಫ್ಲಶ್ ಮಾಡಿದಾಗಲೆಲ್ಲ ಕೆಳಗಿನ ಬಚ್ಚಲಿನ ಟ್ರ್ಯಾಪ್ (ವಾಸನೆ ತಡೆಯಲು ನೀರು ನಿಲ್ಲುವ ಪೈಪಿನ ಬಾಗು) ಗೊಳಗೊಳ ಸದ್ದು ಮಾಡುತ್ತದೆ. ಅದರಲ್ಲಿ ನಿಂತಿರಬೇಕಾದ ಸುಮಾರು 50 ಮಿಲಿಮೀಟರ್ ನೀರು ಪೈಪಿನೊಳಗಿನ ಸೆಳೆತಕ್ಕೆ ಇಳಿದುಹೋಗಿ, ದುರ್ವಾಸನೆ ಮನೆಯೊಳಕ್ಕೆ ಬರುತ್ತದೆ. ಒಂದು ಚೊಂಬು ನೀರು ಸುರಿದರೆ ವಾಸನೆ ನಿಲ್ಲುವುದರಿಂದ ಟ್ರ್ಯಾಪ್ ಒಡೆದಿಲ್ಲವೆಂದು ಭಾವಿಸಿದ್ದೇನೆ. ಮನೆ ಕಟ್ಟಿದವರು 110 ಮಿಲಿಮೀಟರಿನ ಮುಖ್ಯ ಪೈಪನ್ನು ತಾರಸಿಯವರೆಗೆ ಒಯ್ಯದೆ, ಮೇಲಿನ ಶೌಚಾಲಯದ ಬಳಿಯೇ ಮುಚ್ಚಳ ಹಾಕಿ ನಿಲ್ಲಿಸಿದ್ದಾರೆ (ಮನೆಯ ಅಂದ ಕೆಡಬಾರದೆಂದಂತೆ!). ಈಗ ಅದನ್ನೇ ತಾರಸಿಯ ಮೇಲಕ್ಕೆ ಏರಿಸಿ, ತುದಿಗೆ ಜಾಲರಿಯ ಟೋಪಿ ಹಾಕಿದರೆ ಸಾಕೇ, ಅಥವಾ ಕೆಳಗಿನ ಬಚ್ಚಲಿಗೆ ಪ್ರತ್ಯೇಕ ಗಾಳಿ ಕೊಳವೆಯೂ ಬೇಕೇ? ಪಕ್ಕದ ಮನೆಯ ಕಿಟಕಿ ಹತ್ತಿರವೇ ಇರುವುದರಿಂದ, ತುದಿಯನ್ನು ಎಷ್ಟು ಎತ್ತರಕ್ಕೆ ಒಯ್ಯಬೇಕೆಂಬುದನ್ನೂ ಇಂಥ ಕೆಲಸ ಮಾಡಿಸಿದವರು ದಯವಿಟ್ಟು ತಿಳಿಸಿ.