ಗೆದ್ದ ಮೇಲೆ ಹಣ ಕಟ್ಟಲು ತಡಮಾಡುವ ಖಾಯಂ ಗಿರಾಕಿ: ಆನ್‌ಲೈನ್ ಹರಾಜಿನ ಒಂದು ಪ್ರಶ್ನೋತ್ತರ

ಪ್ರಶ್ನೆ:
ನಮಸ್ಕಾರ ಮೇಡಂ. ಹಳೆಯ ಕ್ಯಾಮೆರಾ ಲೆನ್ಸ್‌ಗಳನ್ನು ನಾನು ಮೂರು ವರ್ಷಗಳಿಂದ ಆನ್‌ಲೈನ್ ಹರಾಜಿನಲ್ಲಿ ಮಾರುತ್ತಿದ್ದೇನೆ. ನನ್ನಲ್ಲಿ ಪದೇ ಪದೇ ಕೊಳ್ಳುವ ಗ್ರಾಹಕರೊಬ್ಬರು ಇದುವರೆಗೆ ಆರು ಹರಾಜುಗಳನ್ನು ಗೆದ್ದಿದ್ದಾರೆ. ಮಾತು ಬಹಳ ವಿನಯದ್ದು; ಸರಕಿನ ಬಗ್ಗೆ ಒಮ್ಮೆಯೂ ತಕರಾರು ತೆಗೆದವರಲ್ಲ, ಹಣವನ್ನು ಮುಳುಗಿಸಿದವರೂ ಅಲ್ಲ. ಆದರೆ ಪ್ರತಿ ಸಲವೂ “ಈ ವಾರ ಖಂಡಿತ ಕಟ್ಟುತ್ತೇನೆ” ಎಂದು ಹೇಳಿ ಕಾಯಿಸುತ್ತಾರೆ. ಈಗ ಏಳನೆಯ ಲೆನ್ಸ್ ಗೆದ್ದು ಹತ್ತು ದಿನಗಳಾಗಿವೆ, ಪ್ಯಾಕ್ ಮಾಡಿದ ಡಬ್ಬಿ ನನ್ನ ಮೇಜಿನ ಮೇಲೆಯೇ ಇದೆ. ಗಟ್ಟಿಯಾಗಿ ಕೇಳಿದರೆ ಗಿರಾಕಿ ಕೈತಪ್ಪಿಹೋಗುತ್ತಾರೆ ಎಂಬ ಅಳುಕು, ಸುಮ್ಮನಿದ್ದರೆ ಇದೇ ರೂಢಿಯಾಗುತ್ತದೆ ಎಂಬ ಚಿಂತೆ. ಏನು ಮಾಡುವುದು ಸರಿ?

ಉತ್ತರ:
ನಮಸ್ಕಾರ. ಮೊದಲು ಒಂದು ಸಣ್ಣ ಕೆಲಸ ಮಾಡಿ. ಆರು ಹರಾಜುಗಳೂ ಮುಗಿದ ದಿನಾಂಕವನ್ನು ಒಂದು ಸಾಲಿನಲ್ಲಿ, ಹಣ ಜಮೆಯಾದ ದಿನಾಂಕವನ್ನು ಅದರ ಕೆಳಗೆ ಬರೆದು, ನಡುವಿನ ಅಂತರವನ್ನು ಎಣಿಸಿ ತಿಳಿಸಿ. ಅವರು ಎಷ್ಟು ವಿನಯವಾಗಿ ಬರೆಯುತ್ತಾರೆ ಎಂಬುದನ್ನು ಸದ್ಯಕ್ಕೆ ಬದಿಗಿಡಿ.

ಪ್ರಶ್ನೆ ಕೇಳಿದವರು:
ಎಣಿಸಿದೆ ಮೇಡಂ. ಕ್ರಮವಾಗಿ 2, 3, 6, 6, 9 ಮತ್ತು 13 ದಿನಗಳು. ಅಂತರ ಇಷ್ಟು ಬೆಳೆದಿದೆಯೆಂದು ಈವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ.

ಉತ್ತರ:
ನೀವು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಆ ಆರು ಅಂಕಿಗಳಲ್ಲೇ ಇದೆ. ನಿಮ್ಮ ಗ್ರಾಹಕರು ಮೊದಲಿನಿಂದಲೂ ತಡಮಾಡುವವರಾಗಿರಲಿಲ್ಲ. ತಡಮಾಡಿದರೂ ಏನೂ ಆಗುವುದಿಲ್ಲ ಎಂಬುದನ್ನು ನಿಮ್ಮ ಬಳಿಯಲ್ಲೇ ಕಲಿತುಕೊಂಡಿದ್ದಾರೆ. ಕಟುವಾಗಿ ಕಂಡರೆ ಕ್ಷಮಿಸಿ, ಆದರೆ ಹರಾಜು ಮುಗಿದ ಮೇಲೂ ಸರಕನ್ನು ಬೇರೆಯವರಿಗೆ ಕೊಡದೆ ತೆಗೆದಿರಿಸುವುದೆಂದರೆ ಬಡ್ಡಿಯಿಲ್ಲದ ಉದ್ರಿ ಕೊಟ್ಟಂತೆಯೇ. ಅಂಗಡಿಯವರು ಉದ್ರಿಯನ್ನು ಕನಿಷ್ಠ ಪುಸ್ತಕದಲ್ಲಾದರೂ ಬರೆದಿಡುತ್ತಾರೆ.

ತಡಮಾಡುವವರೆಲ್ಲ ಒಂದೇ ಬಗೆಯವರಲ್ಲ. ಒಬ್ಬ ಮಾರಾಟಗಾರರಿಂದಲೇ ಮೂರು ನಾಲ್ಕು ವಸ್ತುಗಳನ್ನು ಗೆದ್ದು, ಒಂದೇ ಪಾರ್ಸೆಲ್‌ನಲ್ಲಿ ತರಿಸಿಕೊಂಡು ಸಾಗಣೆ ವೆಚ್ಚ ಉಳಿಸಬೇಕೆಂದು ಕಾಯುವವರಿದ್ದಾರೆ. ಇವರಿಗೆ “ಇಂಥ ದಿನದವರೆಗೆ ಒಟ್ಟುಗೂಡಿಸಿ ಕಳುಹಿಸುತ್ತೇನೆ, ಆದರೆ ಪ್ರತಿಯೊಂದರ ಹಣವನ್ನೂ ಆಯಾ ವಾಯಿದೆಯೊಳಗೆ ಕಟ್ಟಿ” ಎಂದರೆ ಸಾಕು. ಸಂಬಳದ ದಿನಕ್ಕಾಗಿ ಕಾಯುವವರು ಇನ್ನೊಂದು ಬಗೆ. ಅವರ ತಡ ತಿಂಗಳ ಲೆಕ್ಕಕ್ಕೆ ಹೊಂದಿಕೊಂಡಿರುತ್ತದೆ, ಆದ್ದರಿಂದ ದಿನಾಂಕ ನೋಡಿದೊಡನೆ ಗುರುತು ಸಿಗುತ್ತದೆ. ನಿಜವಾದ ತೊಂದರೆ ಬರುವುದು ಮೂರನೆಯ ಬಗೆಯವರಿಂದ. ಒಂದೇ ಥರದ ವಸ್ತುವಿಗೆ ನಾಲ್ಕು ಕಡೆ ಬಿಡ್ ಹಾಕಿ, ಗೆದ್ದ ಮೇಲೆ ನಿಧಾನವಾಗಿ ಆರಿಸಿಕೊಳ್ಳುವವರು ಇವರು. ತಡ ಬೆಳೆಯುತ್ತಾ ಹೋಗುತ್ತಿರುವುದನ್ನು ಕಂಡರೆ ನಿಮ್ಮವರು ಆ ದಾರಿಯತ್ತ ಹೊರಟಿರಬಹುದೆಂಬ ಶಂಕೆ ನನಗಿದೆ, ಆದರೆ ಅದನ್ನು ಅವರ ಮುಖಕ್ಕೆ ಹೇಳುವ ಅಗತ್ಯವಿಲ್ಲ. ಮೂರೂ ಬಗೆಯವರಿಗೆ ನಡೆಯುವ ಮದ್ದು ಒಂದೇ: ಎಲ್ಲರಿಗೂ ಸಮಾನವಾದ, ಹರಾಜು ಆರಂಭವಾಗುವ ಮೊದಲೇ ಬರೆದಿಟ್ಟ ವಾಯಿದೆ.

ಬಹುತೇಕ ವೇದಿಕೆಗಳು ಇದಕ್ಕೆ ತಮ್ಮದೇ ನಿಯಮ ಮಾಡಿಟ್ಟಿವೆ. ಉದಾಹರಣೆಗೆ, ಇಬೇಯಲ್ಲಿ ಗೆದ್ದವರಿಗೆ ಹಣ ಕಟ್ಟಲು 4 ದಿನಗಳ ಅವಕಾಶವಿದ್ದು, ಅಷ್ಟರಲ್ಲಿ ಬಾರದಿದ್ದರೆ ಮಾರಾಟಗಾರರು ಆರ್ಡರ್ ರದ್ದುಪಡಿಸಬಹುದು. ನೀವು ಈಗಿನ ಗೆಲುವಿಗೆ ಹೀಗೆ ಬರೆಯಿರಿ: “ನಮಸ್ಕಾರ. ಈ ಲೆನ್ಸ್‌ನ ಹಣ ಇನ್ನೂ ಬಂದಿಲ್ಲ. ನಾಳಿದ್ದು ಸಂಜೆ ಆರು ಗಂಟೆಯವರೆಗೆ ಕಾಯುತ್ತೇನೆ. ಆಮೇಲೆ ಆರ್ಡರ್ ರದ್ದಾಗುತ್ತದೆ. ಮುಂದಿನ ಹರಾಜುಗಳಲ್ಲಿ ವೇದಿಕೆಯ ವಾಯಿದೆಯನ್ನೇ ಪಾಲಿಸುತ್ತೇನೆ.” ಇಷ್ಟೇ ಸಾಕು. ಬೇಸರವಾಯಿತು, ನೊಂದುಕೊಂಡೆ ಎಂಬುದೆಲ್ಲ ಬೇಡ. ಅಂಥ ಮಾತಿಗೆ ಪ್ರತಿಯಾಗಿ ಇನ್ನೊಂದು ಕ್ಷಮಾಪಣೆ ಬರುತ್ತದೆಯೇ ಹೊರತು ಹಣ ಬರುವುದಿಲ್ಲ. ಸಂದೇಶವನ್ನು ವೇದಿಕೆಯ ಒಳಗಿಂದಲೇ ಕಳುಹಿಸಿ, ಏಕೆಂದರೆ ನಾಳೆ ವಿವಾದವಾದರೆ ಅಲ್ಲಿರುವ ಬರಹವನ್ನಷ್ಟೇ ಅವರು ಪರಿಗಣಿಸುವುದು.

ರದ್ದು ಮಾಡುವಾಗ ಕಾರಣದ ಪಟ್ಟಿಯಲ್ಲಿ ಹೆಚ್ಚಿನವರು ಎಡವುತ್ತಾರೆ. ದಾಕ್ಷಿಣ್ಯಕ್ಕೆ ಬಿದ್ದು “ಕೊಂಡವರೇ ರದ್ದು ಕೇಳಿದರು” ಎಂದು ಒತ್ತಿದರೆ ಹಣ ಕಟ್ಟದಿದ್ದುದು ಎಲ್ಲಿಯೂ ದಾಖಲಾಗುವುದಿಲ್ಲ. “ಸರಕು ಮುಗಿದಿದೆ” ಎಂದು ಒತ್ತಿದರೆ ದೋಷ ನಿಮ್ಮ ಖಾತೆಯ ಮೇಲೆಯೇ ಬೀಳುತ್ತದೆ. “ಹಣ ಪಾವತಿಸಿಲ್ಲ” ಎಂಬ ನಿಜವಾದ ಕಾರಣವನ್ನೇ ಆರಿಸಿ. ಇಬೇಯಲ್ಲಿ 2008ರಿಂದ ಮಾರಾಟಗಾರರು ಕೊಂಡವರ ಬಗ್ಗೆ ಋಣಾತ್ಮಕ ಅಭಿಪ್ರಾಯ ಬರೆಯುವಂತಿಲ್ಲವಾದ್ದರಿಂದ, ಪಾವತಿಯಾಗದ ಆರ್ಡರ್‌ಗಳ ಈ ದಾಖಲೆಯೇ ಇತರ ಮಾರಾಟಗಾರರಿಗೆ ಆಸರೆ. ಅಂಥ ದಾಖಲೆ ಹೆಚ್ಚಿರುವವರು ತಮ್ಮಲ್ಲಿ ಬಿಡ್ ಹಾಕದಂತೆ ಮಾರಾಟಗಾರರು ಸೆಟ್ಟಿಂಗ್‌ನಲ್ಲೇ ತಡೆಯಬಹುದು.

ಇನ್ನೊಬ್ಬ ಸದಸ್ಯರು:
ಮಧ್ಯೆ ಬಂದುದಕ್ಕೆ ಕ್ಷಮೆಯಿರಲಿ. ಗೆದ್ದವರು ಕಟ್ಟದಿದ್ದರೆ ಎರಡನೆಯ ಬಿಡ್‌ದಾರರಿಗೆ ಕೊಡಬಹುದಲ್ಲವೇ? ನಾನು ಹಾಗೆ ಎರಡು ಸಲ ಪ್ರಯತ್ನಿಸಿದೆ, ಎರಡೂ ಸಲ ಅವರು ಉತ್ತರವನ್ನೇ ಕೊಡಲಿಲ್ಲ.

ಉತ್ತರ:
ಕೊಡಬಹುದು. ಇಬೇಯಲ್ಲಿ ಹರಾಜು ಮುಗಿದ 60 ದಿನಗಳವರೆಗೆ ಇಂಥ ಮರು ಅವಕಾಶದ ಆಹ್ವಾನ ಕಳುಹಿಸಬಹುದು. ಆದರೆ ಅವರು ಸುಮ್ಮನಾಗಲು ತಕ್ಕ ಕಾರಣವಿದೆ, ಅದು ಬೆಲೆ ನಿಗದಿಯಾಗುವ ರೀತಿಯಲ್ಲಿದೆ. ಗರಿಷ್ಠ ಮಿತಿಯನ್ನು ಮೊದಲೇ ತಿಳಿಸಿಡುವ ಹರಾಜಿನಲ್ಲಿ ಗೆದ್ದವರ ಮಿತಿ 100, ಎರಡನೆಯವರದು 90, ಮೂರನೆಯವರದು 60 ಎಂದಿಟ್ಟುಕೊಳ್ಳಿ. ಗೆದ್ದವರು ತೆರಬೇಕಾದುದು 90ಕ್ಕಿಂತ ಒಂದು ಮೆಟ್ಟಿಲು ಮೇಲಿನ ಬೆಲೆ. ಆ ಮೊದಲನೆಯವರು ಹರಾಜಿಗೆ ಬಾರದೇ ಇದ್ದಿದ್ದರೆ ಎರಡನೆಯವರಿಗೆ ಅದೇ ವಸ್ತು 60ರ ಆಸುಪಾಸಿನಲ್ಲಿ ಸಿಗುತ್ತಿತ್ತು. ಈಗ ನೀವು 90ಕ್ಕೆ ತೆಗೆದುಕೊಳ್ಳಿ ಎಂದರೆ, ಹಣ ಕಟ್ಟದೆ ಹೋದವರು ಬೆಲೆ ಏರಿಸಲು ನೀವೇ ನಿಲ್ಲಿಸಿದ ಸುಳ್ಳು ಬಿಡ್‌ದಾರರಿರಬಹುದೆಂದು ಅವರಿಗೆ ಅನುಮಾನ ಬರುವುದು ಸಹಜ. ಅದೂ ಹದಿನೈದು ದಿನ ಬಿಟ್ಟು ಕೇಳಿದರಂತೂ ಅವರು ಅಷ್ಟರಲ್ಲಿ ಬೇರೆಡೆ ಕೊಂಡಿರುತ್ತಾರೆ. ವಾಯಿದೆ ಮುಗಿದ ದಿನವೇ, ನಡೆದುದನ್ನು ಒಂದೇ ವಾಕ್ಯದಲ್ಲಿ ತಿಳಿಸಿ ಕಳುಹಿಸಿದರೆ ಮಾತ್ರ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಇಲ್ಲವಾದರೆ ಹೊಸದಾಗಿ ಹರಾಜಿಗೆ ಹಾಕುವುದೇ ಮೇಲು. ತಡ ಪಾವತಿಯಲ್ಲಿ ನಿಮಗಾಗುವ ದೊಡ್ಡ ನಷ್ಟ ಎರಡನೆಯವರ ಈ ಆಸಕ್ತಿ ಆರಿಹೋಗುವುದು, ಮೇಜಿನ ಮೇಲೆ ಡಬ್ಬಿ ಕುಳಿತಿರುವುದಲ್ಲ.

ಪ್ರಶ್ನೆ ಕೇಳಿದವರು:
ನೀವು ಹೇಳಿದಂತೆಯೇ ಸಂದೇಶ ಕಳುಹಿಸಿದೆ. ಒಂದು ಗಂಟೆಯೊಳಗೆ ಹಣ ಕಳುಹಿಸಿರುವುದಾಗಿ ಸ್ಕ್ರೀನ್‌ಶಾಟ್ ಬಂತು, ಆದರೆ ಅದು ವೇದಿಕೆಯ ಮೂಲಕವಲ್ಲ, ನೇರ ವರ್ಗಾವಣೆಯಂತೆ. ಇಂದೇ ಪಾರ್ಸೆಲ್ ಕಳುಹಿಸಿ ಎಂದೂ ಕೇಳಿದ್ದಾರೆ. ಆರು ಸಲ ಕೊಟ್ಟವರಲ್ಲವೇ, ಕಳುಹಿಸಿಬಿಡಲೇ?

ಉತ್ತರ:
ಬೇಡ. ಚಿತ್ರವನ್ನು ಯಾರು ಬೇಕಾದರೂ ತಯಾರಿಸಬಹುದು. ನಿಮ್ಮ ಖಾತೆಯಲ್ಲಿ ಜಮೆ ಕಾಣುವವರೆಗೆ ಹಣ ಬಂದಿಲ್ಲವೆಂದೇ ತಿಳಿಯಿರಿ. ಅದಕ್ಕಿಂತ ಮುಖ್ಯವಾಗಿ, ವೇದಿಕೆಯ ಹೊರಗೆ ಹಣ ಪಡೆದರೆ ಅಲ್ಲಿನ ನಿಯಮವನ್ನು ನೀವೇ ಮುರಿದಂತಾಗುತ್ತದೆ, ಪಾರ್ಸೆಲ್ ತಲುಪಲಿಲ್ಲವೆಂಬ ದೂರು ಬಂದಾಗ ಮಾರಾಟಗಾರರಿಗಿರುವ ರಕ್ಷಣೆಯೂ ನಿಮಗೆ ದೊರೆಯುವುದಿಲ್ಲ. ಹಣ ನಿಜವಾಗಿ ಬಂದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಿಸಿ, ಇನ್‌ವಾಯ್ಸ್‌ನ ಮೂಲಕವೇ ಕಟ್ಟುವಂತೆ ಕೇಳಿ. ನಾಳಿದ್ದು ಆರು ಗಂಟೆಯ ಗಡುವನ್ನು ಇದಕ್ಕಾಗಿ ಮುಂದೂಡಬೇಡಿ.

ಪ್ರಶ್ನೆ ಕೇಳಿದವರು:
ಗಡುವಿಗೆ ಇಪ್ಪತ್ತು ನಿಮಿಷ ಬಾಕಿ ಇರುವಾಗ ಇನ್‌ವಾಯ್ಸ್ ಮೂಲಕವೇ ಹಣ ಕಟ್ಟಿದರು ಮೇಡಂ. ನೇರ ವರ್ಗಾವಣೆಯ ಹಣ ಕೊನೆಗೂ ಬರಲೇ ಇಲ್ಲ. ಇನ್ನು ಮುಂದೆ ಅವರನ್ನು ತಡೆಪಟ್ಟಿಗೆ ಸೇರಿಸಬೇಕೇ?

ಉತ್ತರ:
ಈ ಸಲ ಗಡುವಿನೊಳಗೆ ಕಟ್ಟಿದ್ದಾರೆ, ಹಾಗಾಗಿ ಲೆನ್ಸ್ ಕಳುಹಿಸಿ, ಟ್ರ್ಯಾಕಿಂಗ್ ಸಂಖ್ಯೆಯನ್ನು ಅಂದೇ ದಾಖಲಿಸಿ. ಆ ಸ್ಕ್ರೀನ್‌ಶಾಟ್ ನನಗೆ ಹಿಡಿಸಲಿಲ್ಲ, ನಿಜ. ಆದರೂ ತಡೆಪಟ್ಟಿಗೆ ಈಗಲೇ ಬೇಡ. ಅಂತರದ ಆ ಹಾಳೆಗೆ ಈ ಸಲದ 12ನ್ನೂ ಸೇರಿಸಿಡಿ. ಎಂಟನೆಯ ಹರಾಜಿನಲ್ಲಿ ವಾಯಿದೆ ದಾಟಿದರೆ ಜ್ಞಾಪನೆ ಕಳುಹಿಸದೆ, ಅಂದೇ ರದ್ದುಪಡಿಸಿ, ಅಂದೇ ತಡೆಯಿರಿ.