ಪದಚರ್ಚೆ: ಗೇಮಿನ 'ಅಚೀವ್‌ಮೆಂಟ್'ಗೆ 'ಸಾಧನೆ' ಭಾರವಾಯಿತಲ್ಲವೇ? ಜೊತೆಗೆ 'ಬಿಕೋ' ಬಗ್ಗೆ ಒಂದು ಅನುಮಾನ

ಎಲ್ಲರಿಗೂ ನಮಸ್ಕಾರ.

'ಔಟರ್ ವೈಲ್ಡ್ಸ್' ಎಂಬ ವಿಡಿಯೊ ಗೇಮ್ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡ್ತೀನಿ ಅಂತ ಅಕ್ಕನ ಮಗನಿಗೆ ಹೇಳಿ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಪುಟ ಆಗಿದೆ. ಎರಡು ಪದ ಬಗೆಹರಿಯದೆ ಮುಂದಕ್ಕೆ ಹೋಗುತ್ತಿಲ್ಲ.

ಆಟ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 2019ರಲ್ಲಿ ಬಂದದ್ದು, ಮಾಡಿದವರು ಮೋಬಿಯಸ್ ಡಿಜಿಟಲ್. ಹಲಗೆ, ತಗಡು ಸೇರಿಸಿ ಕಟ್ಟಿದಂತಿರುವ ಪುಟ್ಟ ನೌಕೆಯಲ್ಲಿ ಗ್ರಹದಿಂದ ಗ್ರಹಕ್ಕೆ ಹಾರಬೇಕು. 22 ನಿಮಿಷಕ್ಕೆ ಸರಿಯಾಗಿ ಸೂರ್ಯ ಸಿಡಿಯುತ್ತದೆ. ಎಲ್ಲರೂ ಸಾಯುತ್ತಾರೆ. ನೀವು ಮಾತ್ರ ಮತ್ತೆ ಹೊರಟ ಜಾಗದಲ್ಲೇ ಕಣ್ಣು ಬಿಡುತ್ತೀರಿ. ಹೊಡೆದು ಕೆಡವೋಕೆ ರಾಕ್ಷಸರಿಲ್ಲ, ಕೂಡಿಡೋಕೆ ದುಡ್ಡಿಲ್ಲ. ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಉಳಿಯೋದು ನೀವು ತಿಳಿದುಕೊಂಡದ್ದು ಅಷ್ಟೇ. 2 ಲಕ್ಷ 80 ಸಾವಿರ ವರ್ಷಕ್ಕೂ ಹಿಂದೆ ನೊಮಾಯ್ ಎಂಬ ಜನ ಅಲ್ಲಿ ಬಾಳಿ ಅಳಿದುಹೋಗಿದ್ದಾರೆ. ಅವರ ಗೋಡೆಬರಹ ಓದುತ್ತಾ, ಏನಾಯಿತು ಅಂತ ಹುಡುಕೋದೇ ಆಟ. ಗುಟ್ಟು ಇಷ್ಟಕ್ಕಿಂತ ಜಾಸ್ತಿ ಬಿಡಲ್ಲ.

ಮೊದಲ ಪದ 'ಅಚೀವ್‌ಮೆಂಟ್'. ಆಟದಲ್ಲಿ ಇಂಥದ್ದೊಂದು ಕೆಲಸ ಮಾಡಿದರೆ ತೆರೆಯ ಮೂಲೆಯಲ್ಲಿ ಟಿಂಗ್ ಅಂತ ಒಂದು ಚೌಕ ಮೂಡಿ ಮಾಯವಾಗುತ್ತದಲ್ಲ, ಅದು. ಎಕ್ಸ್‌ಬಾಕ್ಸ್ 360 ಯಂತ್ರ 2005ರಲ್ಲಿ ಇದನ್ನು ಎಲ್ಲಾ ಆಟಗಳಿಗೂ ಕಡ್ಡಾಯ ಮಾಡಿದ ಮೇಲೆ ಪದ ಊರೂರಿಗೆ ಹಬ್ಬಿತು. ಪ್ಲೇಸ್ಟೇಷನ್‌ನವರು 2008ರಿಂದ 'ಟ್ರೋಫಿ' ಅನ್ನುತ್ತಾರೆ. ಅದಕ್ಕೆ ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಅಂತ ದರ್ಜೆ ಬೇರೆ. ಅಲ್ಲಾದರೆ 'ಪದಕ' ಅಂದುಬಿಡಬಹುದಿತ್ತು.

ಕನ್ನಡದಲ್ಲಿ ಬರೆಯುವವರು ಕಣ್ಣುಮುಚ್ಚಿ 'ಸಾಧನೆ' ಅಂತ ಹಾಕುತ್ತಾರೆ. ನನಗೆ ಅದು ಒಗ್ಗುತ್ತಿಲ್ಲ. ಸಾಧನೆ ಅಂದ ಕೂಡಲೇ ಶಾಲು, ಹಾರ, ಹಣ್ಣಿನ ಬುಟ್ಟಿ, ವೇದಿಕೆ ಮೇಲೆ ಮೈಕು ಸರಿಮಾಡುವ ಸ್ವಾಗತ ಸಮಿತಿಯವರು ಕಣ್ಣಮುಂದೆ ಬರುತ್ತಾರೆ. ಸೋಫಾ ಮೇಲೆ ಕಾಲು ಮಡಚಿ ಕೂತು, ಚುರುಮುರಿ ತಿನ್ನುತ್ತಾ ಮಾಡಿದ್ದಕ್ಕೆ ಅಷ್ಟು ದೊಡ್ಡ ಮಾತು ಬೇಕಾ?

ಆದರೆ ಒಂದು ಒಪ್ಪಿಕೊಳ್ಳಬೇಕು. ಈ ಆಟದಲ್ಲಿ 'ಹಾಟ್‌ಶಾಟ್' ಅಂತ ಒಂದಿದೆ. ಸೂರ್ಯನಿಗೆ ತೀರಾ ಹತ್ತಿರ ಗಿರಗಿರನೆ ಸುತ್ತುವ ಒಂದು ನಿಲ್ದಾಣಕ್ಕೆ, ಅಡ್ಡದಾರಿ ಬಿಟ್ಟು, ಕೈಯಾರೆ ನೌಕೆ ಹಾರಿಸಿಕೊಂಡೇ ಹೋಗಿ ಸೇರಬೇಕು. ಸೂರ್ಯ ಎಳೆಯುತ್ತಾನೆ. ವೇಗ ಸ್ವಲ್ಪ ಕಮ್ಮಿಯಾದರೆ ಬೆಂದುಹೋದಿರಿ, ಜಾಸ್ತಿಯಾದರೆ ನಿಲ್ದಾಣ ಹಿಂದೆ ಉಳಿಯಿತು. ಒಂದು ರಾತ್ರಿ ಇದರಲ್ಲೇ ಕಳೆದೆ. ಹತ್ತನೇ ಸಲವೋ ಹನ್ನೊಂದನೇ ಸಲವೋ ಸುಟ್ಟುಹೋದಾಗ ಅಕ್ಕನ ಮಗ, "ಮಾವ, ಇದು ನಿಮ್ಮ ಕೈಲಿ ಆಗಲ್ಲ ಬಿಡಿ" ಅಂತ ಹೇಳಿ ಮಲಗೋಕೆ ಹೋದ. ಬೆಳಗಿನ ಜಾವ ಟಿಂಗ್ ಅಂದಾಗ ಮನೆಯಲ್ಲಿ ಎದ್ದಿದ್ದವನು ನಾನೊಬ್ಬನೇ. ಆ ಗಳಿಗೆಯಲ್ಲಿ ಯಾರಾದರೂ ಶಾಲು ಹೊದಿಸಿದ್ದರೆ ಬೇಡ ಅನ್ನುತ್ತಿರಲಿಲ್ಲ.

ಇರಲಿ. ನನ್ನ ಸಲಹೆ 'ಬಿಲ್ಲೆ'. ಕುಂಟೆಬಿಲ್ಲೆಯ ಬಿಲ್ಲೆ ಮಕ್ಕಳ ಆಟದ್ದೇ. ಹಿಂದೆ ಕಚೇರಿ ಜವಾನರ ಎದೆಪಟ್ಟಿಯ ಮೇಲೆ ಹೊಳೆಯುತ್ತಿದ್ದ ಹಿತ್ತಾಳೆಯದೂ ಬಿಲ್ಲೆಯೇ. ಆಟವೂ ಬಂತು, ಎದೆಗೆ ಸಿಕ್ಕಿಸಿಕೊಳ್ಳುವ ಜಂಬವೂ ಬಂತು. 1980ರ ದಶಕದ ಶುರುವಿನಲ್ಲಿ ಅಮೆರಿಕದ ಆಕ್ಟಿವಿಷನ್ ಕಂಪನಿ ಹೀಗೇ ಒಂದು ಮಾಡುತ್ತಿತ್ತು. ಅಟಾರಿ ಯಂತ್ರದಲ್ಲಿ ಇಂತಿಷ್ಟು ಅಂಕ ಗಳಿಸಿ, ಟಿ.ವಿ. ಪರದೆಯ ಫೋಟೊ ತೆಗೆದು ಅಂಚೆಯಲ್ಲಿ ಕಳಿಸಿದರೆ, ಅಂಗಿಗೆ ಹೊಲಿದುಕೊಳ್ಳುವ ಬಟ್ಟೆಬಿಲ್ಲೆ ವಾಪಸ್ ಬರುತ್ತಿತ್ತು. ಇವತ್ತಿನ ಅಚೀವ್‌ಮೆಂಟ್ ಅದರ ಮೊಮ್ಮಗು ಅಂತಿಟ್ಟುಕೊಳ್ಳಿ.

ಕ್ರಿಯಾಪದಕ್ಕೆ 'ಅನ್‌ಲಾಕ್ ಆಯ್ತು' ಅನ್ನುವ ಬದಲು 'ಬಿಲ್ಲೆ ಗಿಟ್ಟಿತು'. ಸೀಟು ಗಿಟ್ಟಿಸಿದ, ಟಿಕೆಟ್ ಗಿಟ್ಟಿಸಿದ ಅನ್ನುವಾಗ ಇರುವ ಸ್ವಲ್ಪ ಚಾಲಾಕಿತನ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ.

ಎಲ್ಲಾ ಬಿಲ್ಲೆಗಳೂ ಬಂದುಬಿಟ್ಟರೆ? 'ಮುಗಿಸಿದೆ' ಅಂದರೆ ಸಾಲದು. ಕಥೆ ಮುಗಿಸಿದರೂ ಮುಗಿಸಿದೆ ಅಂತೀವಿ, ಸತ್ತಾಗಲೂ 'ಮುಗೀತು' ಅಂತೀವಿ. ಇಲ್ಲಿ 22 ನಿಮಿಷಕ್ಕೊಮ್ಮೆ ಮುಗೀತು! ಚೌಕಾಬಾರದಲ್ಲಿ ಕಾಯಿ ನಡುಮನೆ ಸೇರಿದರೆ 'ಹಣ್ಣಾಯ್ತು' ಅಂತೀವಲ್ಲ, ಅದನ್ನೇ ತಂದರೆ ಹೇಗೆ? 'ಆಟ ಹಣ್ಣಾಯ್ತು, ಇನ್ನೇನೂ ಬಾಕಿ ಇಲ್ಲ.' ಈ ಆಟಕ್ಕೆ ಇದು ಇನ್ನೂ ಸರಿ. ನೌಕೆಯ ದಿನಚರಿ ಪುಸ್ತಕದಲ್ಲಿ ಪೂರ್ತಿ ನೋಡದ ಜಾಗದ ಕೆಳಗೆ 'ಇಲ್ಲಿ ಇನ್ನೂ ನೋಡೋದಿದೆ' ಎಂಬರ್ಥದ ಒಂದು ಸಾಲು ಕಿತ್ತಳೆ ಬಣ್ಣದಲ್ಲಿ ಕೂತಿರುತ್ತದೆ. ಅಂಥ ಸಾಲು ಒಂದೂ ಉಳಿಯದಂತೆ ಪುಸ್ತಕ ತುಂಬಿಸಿದರೆ 'ಆರ್ಕಿಯಾಲಜಿಸ್ಟ್' ಬಿಲ್ಲೆ. ಕಿತ್ತಳೆ ಸಾಲು ಇರುವವರೆಗೂ ಅದು ಕಾಯಿಯೇ.

ಎರಡನೆಯದು 'ಬಿಕೋ'. ಇದು ನಮ್ಮಮ್ಮನಿಂದ ಶುರುವಾದ ಅನುಮಾನ. ಅಟ್ಲ್‌ರಾಕ್ ಎಂಬ ಚಂದ್ರನ ಮೇಲೆ ಇಳಿದಾಗ ಅಮ್ಮ ಹೂ ಕಟ್ಟುತ್ತಾ ತಲೆಯೆತ್ತಿ ನೋಡಿ, "ಏನೂ ಇಲ್ವಲ್ಲೋ ಇಲ್ಲಿ, ಬರೀ ಕಲ್ಲು" ಅಂದರು. ಆಮೇಲೆ ಬ್ರಿಟಲ್ ಹಾಲೋ ಗ್ರಹದ ಒಳಕ್ಕೆ ಹೋದೆ. ಅಲ್ಲಿ ನೆಲದ ಅಡಿಗೆ ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುವ ಒಂದು ನೊಮಾಯ್ ಊರಿದೆ. ಕೆಳಗಡೆ ಕಪ್ಪುಕುಳಿ. ದೀಪ ಉರಿಯುತ್ತಿದೆ, ಓಣಿ ಇದೆ, ಮಕ್ಕಳು ಬರೆದ ಗೋಡೆಬರಹವೂ ಇದೆ. ಮನುಷ್ಯರಿಲ್ಲ. ಅಮ್ಮ ಕೈಯಲ್ಲಿದ್ದ ದಾರ ಬಿಟ್ಟು, "ಯಾರ ಊರೋ ಇದು, ಹೀಗೆ ಬಿಕೋ ಅಂತಿದೆ?" ಅಂದರು.

ಅಂದರೆ ಒಂದು ಜಾಗ ಬಿಕೋ ಅನ್ನಬೇಕಾದರೆ ಮೊದಲು ಅಲ್ಲಿ ಜನ ಇದ್ದಿರಬೇಕು, ಅಲ್ವಾ? ಮದುವೆ ಮುಗಿದ ಮಾರನೇ ದಿನದ ಮನೆ, ಬಂದ್ ದಿನದ ಬಸ್‌ಸ್ಟ್ಯಾಂಡು, ಬೇಸಿಗೆ ರಜೆಯ ಶಾಲೆ ಬಿಕೋ ಅನ್ನುತ್ತವೆ. ಯಾರೂ ಕಾಲಿಡದ ಬಂಡೆ ಬಿಕೋ ಅನ್ನಲಾರದು. 'ಭಣಭಣ' ಕೂಡ ಇದೇ ಜಾತಿ ಅಂತ ನನ್ನ ಕಿವಿ ಹೇಳುತ್ತದೆ, ತುಂಬಿದ್ದು ಬರಿದಾದರೆ ಭಣಭಣ. 'ಗವ್ವೆನ್ನು' ಕತ್ತಲೆಗಾಯಿತು. 'ಹಾಳು ಸುರಿಯುತ್ತಿದೆ' ಅನ್ನೋಕೂ ಅಲ್ಲೊಂದು ಮನೆ ಬೇಕು. 'ಬರಡು', 'ಬೆಂಗಾಡು' ಅಂದರೆ ಮಳೆ ಬೆಳೆಯ ಲೆಕ್ಕ ಬಂದುಬಿಡುತ್ತದೆ. 'ನಿರ್ಜನ' ಸರ್ಕಾರಿ ಕಾಗದದ ಮಾತು.

ಹಾಗಾದರೆ ಎಂದೂ ಯಾರೂ ಇರದ, ಇರಲಾರದ ಜಾಗದ ಮಂಕಿಗೆ ನಮ್ಮಲ್ಲಿ ಏನಂತಾರೆ? ಆಟದಲ್ಲಿ ಅಂಥದ್ದೂ ಇದೆ. ಇನ್ನೊಂದು ಬಿಲ್ಲೆಗೆ ಗ್ರಹಗಳನ್ನೆಲ್ಲ ದಾಟಿ ಬಲು ದೂರ ಹೋಗಿ ಹಿಂದಿರುಗಿ ನೋಡಿದೆ. ಅಷ್ಟು ದೂರದಿಂದ ಎಲ್ಲವೂ ಒಂದೇ ಕಡೆ ಕಾಣುತ್ತವೆ. ಅಲ್ಲಲ್ಲಿ ಒಂಟಿಯಾಗಿ ಕೂತ ಯಾನಿಗಳ ಬ್ಯಾಂಜೊ, ಕೊಳಲು, ಡೋಲು, ಸಿಳ್ಳೆ, ಮೌತ್ ಆರ್ಗನ್ ಒಟ್ಟಿಗೆ ಕೇಳಿಸಿ ಒಂದೇ ಹಾಡಾಗುತ್ತದೆ. (ಈ ಬಿಲ್ಲೆಯ ಹೆಸರನ್ನು ನಾನು 'ಶ್ರುತಿ ಕೂಡಿತು' ಅಂತ ಮಾಡಿಕೊಂಡಿದ್ದೇನೆ.) ದನಿ ಹಿಡಿಯುವ ಯಂತ್ರವನ್ನು ಪಕ್ಕಕ್ಕಿಟ್ಟರೆ ಹಾಡು ನಿಂತುಹೋಗುತ್ತದೆ. ಸುತ್ತ ಏನೂ ಇಲ್ಲ. ಆ 'ಏನೂ ಇಲ್ಲ'ಕ್ಕೆ ನನಗೆ ಪದ ಸಿಗುತ್ತಿಲ್ಲ.

ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ನಿಮ್ಮ ಕಡೆಯ ಮಾತು ತಿಳಿಸಿ. ನಿಮ್ಮಲ್ಲಿ ಬಿಕೋ ಬಳಕೆ ಬೇರೆ ಇದ್ದರೆ ಅದನ್ನೂ ಹೇಳಿ. ಕಾಯಿ ನಡುಮನೆ ಸೇರಿದರೆ 'ಹಣ್ಣು' ಬಿಟ್ಟು ಬೇರೆ ಏನಾದರೂ ಅಂತೀರಾ? ಭಾನುವಾರ ಹುಡುಗ ಬರ್ತಾನೆ, ಅಷ್ಟರೊಳಗೆ ಉಳಿದ ಮೂರು ಪುಟ ಬರೆಯಬೇಕು.